ಮೊಟ್ಟೆ ತೇಲುವಷ್ಟು ಉಪ್ಪು ಹಾಕಿ ಕೋಳಿ ಕೆಡಿಸಿದೆ, ಹದ ಗೊತ್ತಿರೋರು ಹೇಳಿ

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಶ್ರಾವಣ ಬಂತು ಅಂದ್ರೆ ನಮ್ಮನೇಲಿ ತಿಂಗಳು ಪೂರ್ತಿ ಒಲೆ ಮೇಲೆ ಮಾಂಸ ಏರಲ್ಲ. ಆಷಾಢದಲ್ಲೇ ಒಂದ್ಸಲ ಚೆನ್ನಾಗಿ ತಿಂದ್ಬಿಡೋಣ ಅಂತ ಶನಿವಾರ ಸಂಜೆ ಎರಡು ಕೆಜಿ ಬಾಯ್ಲರ್ ಕೋಳಿ ತಂದೆ. ಕಾಳುಮೆಣಸು ಹಾಕಿ ಹುರಿಯೋ ಪ್ಲಾನು. ನಮ್ಮದು ಯಾವಾಗ್ಲೂ ಒಂದೇ ಗೋಳು: ಮಸಾಲೆ ಚೆನ್ನಾಗಿರುತ್ತೆ, ಎದೆ ಪೀಸು ಮಾತ್ರ ಹತ್ತಿ ಅಗಿದ ಹಾಗೆ. ಉಪ್ಪುನೀರಲ್ಲಿ ನೆನೆಸಿಟ್ರೆ ಮೆತ್ತಗಾಗುತ್ತೆ ಅಂತ ಎಲ್ಲೋ ನೋಡಿದ್ದೆ, ಎಷ್ಟು ಉಪ್ಪು ಅಂತ ಮಾತ್ರ ನೋಡಿರಲಿಲ್ಲ.

ನಮ್ಮಜ್ಜಿ ಮಾವಿನಮಿಡಿಗೆ ಉಪ್ಪುನೀರು ಮಾಡುವಾಗ ಒಂದು ಕೋಳಿಮೊಟ್ಟೆ ಬಿಡೋರು. ಅದು ತೇಲಿ ನೆತ್ತಿ ನಾಲ್ಕಾಣೆ ಅಗಲ ಕಂಡ್ರೆ ಹದ ಬಂತು ಅಂತ ಲೆಕ್ಕ. ನಾನೂ ಹಂಗೇ ಮಾಡ್ದೆ. ಮೇಲೊಂದು ಮುಷ್ಟಿ ಮೆಣಸು, ಎರಡು ಚಕ್ಕೆ ಹಾಕಿ ರಾತ್ರಿಯೆಲ್ಲಾ ಫ್ರಿಜ್ಜಲ್ಲಿ ಇಟ್ಟೆ. ಬೆಳಗ್ಗೆ ತೊಳೆದು, ಮಾಮೂಲಿ ಥರ ಉಪ್ಪು ಹಾಕೇ ಹುರಿದೆ. ಮನೆಯವಳು ಒಂದು ತುಂಡು ಬಾಯಿಗಿಟ್ಟು, "ಕೋಳಿ ಹುರಿದ್ರೋ, ಕೋಳಿ ಉಪ್ಪಿನಕಾಯಿ ಹಾಕಿದ್ರೋ?" ಅಂದ್ಳು. ಸಪ್ಪೆ ಮುದ್ದೆ ಜೊತೆ ಸೇರಿಸ್ಕೊಂಡು ಹೆಂಗೋ ಮುಗಿಸಿದ್ವಿ. ಮಧ್ಯಾಹ್ನವೆಲ್ಲಾ ನೀರು ಕುಡಿಯೋದೇ ಕೆಲಸ. ಇಷ್ಟೆಲ್ಲಾ ಆಗಿ ಆ ಒಂದು ಮುಷ್ಟಿ ಮೆಣಸಿನ ಖಾರ ಚೂರೂ ಇಳಿದಿರಲಿಲ್ಲ.

ಅಜ್ಜಿ ತಪ್ಪು ಹೇಳಿದ್ರಾ, ನಾನು ತಪ್ಪು ಮಾಡಿದ್ನಾ? ಕೋಳಿ, ಮೀನು, ಸಿಗಡಿ, ಎಲ್ಲಕ್ಕೂ ಒಂದೇ ಅಳತೆನಾ? ಮೆಣಸು ಯಾವಾಗ ಹಾಕ್ಬೇಕು?

ಅರಕಲಗೂಡು ಹೈದ

ಗುರು, ಆ ಮೊಟ್ಟೆನಾದ್ರೂ ಬೇಯಿಸ್ಕೊಂಡು ತಿಂದ್ಯಾ? ಅದೊಂದೇ ಸರಿಯಾಗಿ ಉಳಿದಿರೋದು.

ಲೆಕ್ಕದ ಮೇಷ್ಟ್ರು (ಚಿಕ್ಕಮಗಳೂರು)

ನಿಮ್ಮ ಅಜ್ಜಿ ಹೇಳಿದ್ದು ಸರಿಯಾಗೇ ಇದೆ, ಅವರು ಹೇಳಿದ್ದು ಮಿಡಿಗೆ. ವರ್ಷಗಟ್ಟಲೆ ಕೆಡದಂತೆ ಇಡುವ ಉಪ್ಪುನೀರು ಬೇರೆ, ಇವತ್ತು ನೆನೆಸಿ ನಾಳೆ ಉಣ್ಣುವ ಉಪ್ಪುನೀರು ಬೇರೆ. ಹೊಸ ಮೊಟ್ಟೆ ತೇಲಬೇಕಾದರೆ ನೀರಿನಲ್ಲಿ ಶೇ 10ರ ಆಸುಪಾಸು ಉಪ್ಪಿರಬೇಕು. ಅಂದರೆ ಎರಡು ಲೀಟರಿಗೆ ಇನ್ನೂರು ಗ್ರಾಂ ದಾಟಿಸಿದ್ದೀರಿ. ಅದರಲ್ಲಿ ಒಂದು ರಾತ್ರಿ ಬಿದ್ದಿದ್ದ ಕೋಳಿ ಮನುಷ್ಯರು ತಿನ್ನುವ ಹಾಗೆ ಉಳಿಯುವುದಿಲ್ಲ. ಇನ್ನೊಂದು ವಿಷಯ: ಮೊಟ್ಟೆ ಹಳೆಯದಾದಷ್ಟೂ ಒಳಗಿನ ಗಾಳಿ ಹೆಚ್ಚಿ ಬೇಗ ತೇಲುತ್ತದೆ. ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತೋ ಗೊತ್ತಿಲ್ಲದ ಮೊಟ್ಟೆಯನ್ನು ಅಳತೆಗೋಲು ಮಾಡಿಕೊಳ್ಳಬಾರದು. ಅಜ್ಜಿಯ ಕಾಲದಲ್ಲಿ ಹಿತ್ತಿಲ ಕೋಳಿ ಅದೇ ಬೆಳಗ್ಗೆ ಇಟ್ಟ ಮೊಟ್ಟೆ, ಲೆಕ್ಕ ಸರಿಯಾಗುತ್ತಿತ್ತು.

ಉಪ್ಪು ಮಾಡುವ ಕೆಲಸ ಹೀಗೆ. ಮಾಂಸದ ಎಳೆಗಳಲ್ಲಿರುವ ಪ್ರೋಟೀನನ್ನು ಉಪ್ಪು ಸ್ವಲ್ಪ ಸಡಿಲಿಸುತ್ತದೆ, ಸಡಿಲಾದ ಎಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಯುವಾಗ ಎದೆ ಮಾಂಸ ತನ್ನ ತೂಕದ ಕಾಲು ಭಾಗದವರೆಗೂ ನೀರು ಬಿಟ್ಟುಬಿಡಬಹುದು. ನೀವು ಹೇಳಿದ ಹತ್ತಿ ಅದೇ. ಉಪ್ಪು ಹೊಕ್ಕ ಮಾಂಸ ಅಷ್ಟು ಬಿಡುವುದಿಲ್ಲ.

ಅಳತೆ ಬೇಕಾದರೆ ಎರಡು ದಾರಿ. ಅವಸರದ್ದು: ಲೀಟರ್ ನೀರಿಗೆ 50 ಗ್ರಾಂ ಉಪ್ಪು, ಸಾರಿಗೆ ಹಾಕುವ ಗಾತ್ರದ ತುಂಡಾದರೆ ಒಂದರಿಂದ ಎರಡು ಗಂಟೆ, ಮರೆಯದೆ ತೆಗೆಯಬೇಕು. ನನಗೆ ಇಷ್ಟವಾದ ನಿಧಾನದ್ದು: ಮಾಂಸ, ನೀರು ಎರಡನ್ನೂ ಸೇರಿಸಿ ತೂಕ ಮಾಡಿ, ಒಟ್ಟು ತೂಕದ ಶೇ 1.5ರಷ್ಟು ಉಪ್ಪು. ಎರಡು ಕೆಜಿ ಕೋಳಿ, ಎರಡು ಲೀಟರ್ ನೀರು ಅಂದರೆ ನಾಲ್ಕು ಕೆಜಿ, 60 ಗ್ರಾಂ ಉಪ್ಪು ಸಾಕು. ರಾತ್ರಿಯೆಲ್ಲಾ ಇಟ್ಟರೂ ಅತಿಯಾಗುವುದಿಲ್ಲ, ಏಕೆಂದರೆ ಅತಿಯಾಗಲು ಅಲ್ಲಿ ಉಪ್ಪೇ ಇಲ್ಲ. ಚಮಚದ ಲೆಕ್ಕ ಬೇಡ. ಪುಡಿ ಉಪ್ಪಿನ ಒಂದು ಚಮಚವೂ ಕಲ್ಲುಪ್ಪಿನ ಒಂದು ಚಮಚವೂ ತೂಕದಲ್ಲಿ ಒಂದೇ ಅಲ್ಲ. ತೂಗಿ ಹಾಕಿ.

ಬಣಕಲ್ ಮಳೆ

ಮೇಷ್ಟ್ರು ಹೇಳಿದ್ದು ಸರಿ. ಅದನ್ನೇ ಅಡುಗೆಮನೆ ಕಡೆಯಿಂದ ಸ್ವಲ್ಪ ಹೇಳ್ತೀನಿ. ನಮ್ಮದು ಹೋಮ್‌ಸ್ಟೇ ಅಡುಗೆ, ವಾರಕ್ಕೆ ಎಷ್ಟು ಕೋಳಿ ಬೇಯುತ್ತೋ ಲೆಕ್ಕ ಇಟ್ಟಿಲ್ಲ.

ನಾಟಿ ಕೋಳಿನ ಉಪ್ಪುನೀರಿಗೆ ಹಾಕೋ ಕೆಲಸ ಮಾಡ್ಲೇಬೇಡಿ. ಅದು ಗಟ್ಟಿ ಇರೋದು ನೀರು ಕಮ್ಮಿಯಾಗಿ ಅಲ್ಲ. ಓಡಾಡಿ ಬೆಳೆದ ಕೋಳಿ, ನರ ಜಾಸ್ತಿ. ಅದು ಕರಗ್ಬೇಕಂದ್ರೆ ಸಣ್ಣ ಉರಿ, ಟೈಮು, ಎರಡೇ. ಕಡುಬಿಗೆ ನಾಟಿ ಕೋಳಿ ಸಾರು ಮಾಡೋ ದಿನ ನಾನು ಬೆಳಗ್ಗೆ ಹತ್ತಕ್ಕೇ ಒಲೆ ಮೇಲಿಡ್ತೀನಿ. ಉಪ್ಪುನೀರಿನ ಲಾಭ ಏನಿದ್ರೂ ಬಾಯ್ಲರ್‌ಗೆ, ಅದರಲ್ಲೂ ಹುರಿಯೋದಿಕ್ಕೆ, ಕಬಾಬಿಗೆ, ಕೆಂಡದ ಮೇಲೆ ಸುಡೋದಿಕ್ಕೆ. ಸಾರಿಗೆ ಹಾಕೋ ತುಂಡು ಹೆಂಗಿದ್ರೂ ನೀರಲ್ಲೇ ಬೇಯುತ್ತಲ್ಲ.

ಇನ್ನೊಂದು ಮಾತು, ಇದು ಮೂಡಿಗೆರೆ, ಕಳಸ, ಕೊಪ್ಪ ಕಡೆಯವರಿಗೆ. ಜುಲೈ ಮಳೇಲಿ ಕರೆಂಟ್ ಹೋದ್ರೆ ಎರಡು ದಿನ, ಮೂರು ದಿನ. ಫ್ರಿಜ್ಜು ಬರೀ ಕಪಾಟು. ಹೊರಗೆ ಚಳಿ ಇದೆಯಲ್ಲ, ನೀರಲ್ಲಿ ಉಪ್ಪಿದೆಯಲ್ಲ, ಕೆಡಲ್ಲ ಅನ್ಕೋಬೇಡಿ. ಈ ತೆಳು ಉಪ್ಪುನೀರು ಮಾಂಸನ ಕಾಯಲ್ಲ. ನಾಲ್ಕು ಡಿಗ್ರಿ ಒಳಗೆ ಇಡೋ ವ್ಯವಸ್ಥೆ ಇದ್ರೆ ಮಾತ್ರ ಇಡಿ. ಕರೆಂಟ್ ನಂಬಿಕೆ ಇಲ್ಲದ ದಿನ ಒಂದು ಗಂಟೆ ನೆನೆಸಿ ಅವತ್ತೇ ಬೇಯಿಸಿ. ಪಾತ್ರೆ ಸ್ಟೀಲೋ ಗಾಜೋ ಆಗ್ಲಿ, ಅಲ್ಯೂಮಿನಿಯಂ ಬೇಡ. ನೆನೆಸಿದ ನೀರು ಚೆಲ್ಲೋದೇ, ಇನ್ನೊಂದ್ಸಲಕ್ಕೆ ಆಗುತ್ತೆ ಅಂತ ಎತ್ತಿಡಬೇಡಿ.

ಅರಕಲಗೂಡು ಹೈದ

ಚೆಲ್ಲೋದು ಎಲ್ಲಿಗೆ ಅಂತನೂ ಹೇಳಿ ಅಕ್ಕ. ನಾನೊಂದ್ಸಲ ಕರಿಬೇವಿನ ಗಿಡದ ಬುಡಕ್ಕೆ ಸುರಿದೆ, ಗಿಡ ಹದಿನೈದು ದಿನದಲ್ಲಿ ಶಿವನ ಪಾದ ಸೇರ್ತು. ಅಮ್ಮ ಇವತ್ತಿಗೂ ಒಗ್ಗರಣೆ ಹಾಕುವಾಗೆಲ್ಲಾ ನೆನಪಿಸ್ತಾರೆ.

ಬೇಲೂರು ತೊಟ್ಟಿಮನೆ

ಕ್ಷಮಿಸಿ, ನನಗಿದೆಲ್ಲಾ ಹೊಸ ಶೋಕಿ ಅನಿಸುತ್ತೆ. ನಮ್ಮ ಹಿರೀಕರು ಯಾವತ್ತು ಕೋಳಿನ ನೀರಲ್ಲಿ ನೆನೆಸಿದ್ರು? ಉಪ್ಪು, ಅರಿಶಿನ ಹಚ್ಚಿ ಒಂದು ಗಂಟೆ ಮುಚ್ಚಿಡೋರು. ಆಮೇಲೆ ಬಾಣಲೆಗೆ. ಆ ರುಚಿ ಇವತ್ತು ಯಾವ ಹೋಟ್ಲಲ್ಲಿದೆ?

ಲೆಕ್ಕದ ಮೇಷ್ಟ್ರು

ನೀವು ಹೇಳಿದ್ದು ಅದೇ ಕೆಲಸ ಸ್ವಾಮಿ, ನೀರು ಒಂದೇ ಇಲ್ಲ. ಉಪ್ಪು ಹಚ್ಚಿದಾಗ ಮೊದಲು ಮಾಂಸದಿಂದ ನೀರು ಹೊರಗೆ ಬರುತ್ತದೆ, ಆ ನೀರಿನಲ್ಲಿ ಉಪ್ಪು ಕರಗುತ್ತದೆ, ಆಮೇಲೆ ನಿಧಾನವಾಗಿ ಒಳಗೆ ಇಳಿಯುತ್ತದೆ. ನಿಮ್ಮ ಹಿರೀಕರು ಒಂದು ಗಂಟೆ ಇಡುತ್ತಿದ್ದುದಕ್ಕೆ ಕಾರಣವಿದೆ. ಹತ್ತು ನಿಮಿಷಕ್ಕೇ ಬಾಣಲೆಗೆ ಹಾಕಿದರೆ ಹೊರಗೆ ಬಂದ ನೀರೆಲ್ಲ ಅಲ್ಲೇ ಕುದಿಯುತ್ತದೆ, ಹುರಿಯುವುದಿಲ್ಲ. ಕೆಜಿ ಮಾಂಸಕ್ಕೆ 12ರಿಂದ 15 ಗ್ರಾಂ ಉಪ್ಪು ಹಚ್ಚಿ ರಾತ್ರಿ ಇಟ್ಟರೆ, ಪಾತ್ರೆ ತುಂಬಾ ನೀರು ಹೊರುವ ಕಷ್ಟವೂ ಇಲ್ಲ. ನಮ್ಮ ಮನೆಯಲ್ಲಿ ಈಗ ಹೆಚ್ಚಾಗಿ ಹೀಗೇ ಮಾಡುತ್ತೇವೆ.

ಬೇಲೂರು ತೊಟ್ಟಿಮನೆ

ಸರಿ ಬಿಡಿ, ಒಪ್ಪಿದೆ. ಆದ್ರೆ ಉಪ್ಪುನೀರಿಗೇ ಮೆಣಸು, ಚಕ್ಕೆ, ಲವಂಗ ಹಾಕಿ ಕುದಿಸಿ ಆರಿಸಿದ್ರೆ ಒಳಗೆ ಇಳಿಯುತ್ತೆ ಅಂತಾರಲ್ಲ?

ಲೆಕ್ಕದ ಮೇಷ್ಟ್ರು

ಮೆಣಸಿನ ಖಾರಕ್ಕೆ ಕಾರಣ ಪೈಪರಿನ್, ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್. ಎರಡೂ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು, ಎಣ್ಣೆಯಲ್ಲಿ ಕರಗುತ್ತವೆ. ನಮ್ಮ ಮಿತ್ರರ ಒಂದು ಮುಷ್ಟಿ ಮೆಣಸು ರಾತ್ರಿಯೆಲ್ಲಾ ತಣ್ಣೀರಿನಲ್ಲಿ ಈಜಿದ್ದಷ್ಟೇ ಬಂತು. ಉಪ್ಪಿನ ಕಣ ಚಿಕ್ಕದು, ಮಾಂಸದೊಳಗೆ ನುಗ್ಗುತ್ತದೆ. ಮಸಾಲೆಯ ಸಾರ ಹೆಚ್ಚಿನಂಶ ಮೇಲ್ಮೈಯಲ್ಲೇ ನಿಲ್ಲುತ್ತದೆ. ಖಾರ ಬೇಕಾದರೆ ಅದಕ್ಕೆ ಎಣ್ಣೆ ತೋರಿಸಬೇಕು.

ಬಣಕಲ್ ಮಳೆ

ಪೂರ್ತಿ ಒಪ್ಪಲ್ಲ ಮೇಷ್ಟ್ರೇ. ಕುದಿಸಿ ಆರಿಸಿದ ನೀರಲ್ಲಿ ನೆನೆಸಿದ ಕೋಳಿಗೆ ಒಂದು ಘಮ ಬರುತ್ತೆ, ನಾನೇ ಮಾಡಿ ನೋಡಿದ್ದೀನಿ. ಮೇಲ್ಗಡೆನೇ ಇರಬಹುದು, ನಾಲಿಗೆಗೆ ಮೊದಲು ತಾಗೋದೂ ಮೇಲ್ಗಡೆನೇ ಅಲ್ವಾ. ಆದ್ರೆ ಮೆಣಸಿನ ಈಗಿನ ರೇಟಿಗೆ ಒಂದು ಮುಷ್ಟಿ ನೀರಿಗೆ ಸುರಿದು ಚೆಲ್ಲೋದು ಕರುಳು ಕಿತ್ತು ಬರುತ್ತೆ, ಅದು ನಿಜ.

ಆಲ್ದೂರು ಬಳ್ಳಿ

ಮೆಣಸು ಬೆಳೆಯೋನು ನಾನು, ಈ ಮಾತಿಗೆ ಸುಮ್ನೆ ಕೂರಕ್ಕಾಗಲ್ಲ.

ಮೊದಲು ಹೆಸರು ಸರಿ ಮಾಡ್ಕೊಳ್ಳೋಣ. ನಮ್ಮ ಕಡೆ ಹಳಬರು ಮೆಣಸು ಅಂದ್ರೆ ಬಳ್ಳೀದು, ಒಳ್ಳೆಮೆಣಸು. ಮೆಣಸಿನಕಾಯಿ ಆಮೇಲೆ ಬಂದ ನೆಂಟ, ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದಿದ್ದು. ಖಾರಕ್ಕೆ ನಮ್ಮ ಹತ್ರ ಇದ್ದ ಹೆಸರನ್ನೇ ಅದಕ್ಕೂ ಕೊಟ್ವಿ. ಈಗ ಪೇಟೇಲಿ ಮಕ್ಕಳಿಗೆ ಮೆಣಸು ತಗೊಂಡು ಬಾ ಅಂದ್ರೆ ಗುಂಟೂರು ಮೆಣಸಿನಕಾಯಿ ಹಿಡ್ಕೊಂಡು ಬರ್ತಾವೆ.

ಒಂದು ಕಾಳಲ್ಲಿ ಎರಡು ವಸ್ತು ಇದೆ. ಘಮ ಇರೋದು ಮೇಲಿನ ಸಿಪ್ಪೇಲಿ, ಖಾರ ಇರೋದು ಒಳಗಿನ ತಿರುಳಲ್ಲಿ. ಅದಕ್ಕೇ ಹಣ್ಣು ಮೆಣಸನ್ನ ವಾರಗಟ್ಟಲೆ ನೀರಲ್ಲಿ ಕೊಳೆಸಿ ಸಿಪ್ಪೆ ತೆಗೆದು ಮಾಡೋ ಬಿಳಿಮೆಣಸು ಖಾರ ಇರುತ್ತೆ, ಘಮ ಇರಲ್ಲ. ಘಮ ಬಿಸಿಗೆ ಹಾರಿಹೋಗುತ್ತೆ, ಖಾರ ಅಷ್ಟು ಸುಲಭಕ್ಕೆ ಹೋಗಲ್ಲ. ಹಾಗಾಗಿ ನಮ್ಮನೇಲಿ ಮೆಣಸನ್ನ ಎರಡು ಕಂತಲ್ಲಿ ಹಾಕ್ತಾರೆ. ಒಂದು ಕೆಜಿ ಕೋಳಿಗೆ ಎರಡು ದೊಡ್ಡ ಚಮಚ ತರಿ. ಅರ್ಧ ಈರುಳ್ಳಿ ಜೊತೆ ಎಣ್ಣೇಲಿ ಬೀಳುತ್ತೆ, ಖಾರ ಬಿಟ್ಕೊಳ್ಳಲಿ ಅಂತ. ಇನ್ನರ್ಧ ಒಲೆ ಆರಿಸೋಕೆ ಎರಡು ನಿಮಿಷ ಮುಂಚೆ. ಪುಡಿ ಡಬ್ಬಿ ಬೇಡ. ಕುಟ್ಟಾಣೀಲಿ ಆಗಲೇ ಕುಟ್ಟಿದ್ದಿರಬೇಕು, ಕಾಳು ನಾಲ್ಕೈದು ಚೂರಾದ್ರೆ ಸಾಕು.

ತೋಟದಲ್ಲಿ ಪಣಿಯೂರು ಬಳ್ಳಿನೂ ಇದೆ, ಹಾಲುವಾಣದ ಮೇಲೆ ಹಬ್ಬಿರೋ ನಮ್ಮ ಅಜ್ಜನ ಕಾಲದ ನಾಟಿ ಬಳ್ಳಿನೂ ಇದೆ. ಪಣಿಯೂರಿನ ಗೊನೆ ಉದ್ದ, ಕಾಳು ದಪ್ಪ, ಮಾರೋಕೆ ಅದೇ. ಮನೆ ಅಡುಗೆಗೆ ನಾಟಿದು ತೆಗೆದಿಡ್ತೀವಿ. ಇದು ನನ್ನ ನಾಲಿಗೆ ಮಾತು, ಬೇರೆಯವರು ಒಪ್ಪಬೇಕು ಅಂತೇನಿಲ್ಲ.

ಸಕಲೇಶಪುರದ ಸೊಸೆ

ಮೀನಿನ ವಿಷಯ ಯಾರೂ ಎತ್ತಲೇ ಇಲ್ಲ ಮಾರಾಯ್ರೆ! ನಾನು ಹುಟ್ಟಿದ್ದು ಮಲ್ಪೆ ಹತ್ರ, ಕೊಟ್ಟಿದ್ದು ಸಕಲೇಶಪುರಕ್ಕೆ. ಮದುವೆ ಆದ ಹೊಸತರಲ್ಲಿ ಇಲ್ಲಿಯವರು ಬಂಗುಡೆಗೆ ನಿಂಬೆಹಣ್ಣು ಹಿಂಡಿ ಮೂರು ಗಂಟೆ ಇಡೋದು ನೋಡಿ ನನಗೆ ಅಳು ಬರ್ತಿತ್ತು. ಹುಳಿಯಲ್ಲಿ ಅಷ್ಟು ಹೊತ್ತು ಬಿದ್ರೆ ಮೀನು ಅಲ್ಲೇ ಅರ್ಧ ಬೆಂದ ಹಾಗೆ ಬೆಳ್ಳಗಾಗಿ ಪುಡಿಪುಡಿ ಆಗ್ತದೆ.

ಮೀನಿಗೆ ಕೋಳಿಯ ಲೆಕ್ಕ ಹಾಕಬೇಡಿ. ಅದರ ಎಳೆ ಗಿಡ್ಡ, ಉಪ್ಪು ಬೇಗ ಹೋಗ್ತದೆ. ಲೀಟರಿಗೆ 50 ಗ್ರಾಂ ಉಪ್ಪು, ಹದಿನೈದು ನಿಮಿಷ, ಅಂಜಲ್‌ನ ದಪ್ಪ ತುಂಡಾದ್ರೆ ಅರ್ಧ ಗಂಟೆ. ತೆಗೆದು ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಮಸಾಲೆ. ತುಂಡು ಗಟ್ಟಿಯಾಗಿ ನಿಲ್ತದೆ, ಕಾವಲಿಗೆ ಅಂಟೋದು ಕಡಿಮೆ, ಬೇಯುವಾಗ ಮೇಲೆ ಬರುವ ಬಿಳಿ ನೊರೆಯಂಥದ್ದೂ ಕಡಿಮೆ.

ಸಿಗಡಿಗೆ ಒಂದು ಗುಟ್ಟು ಹೇಳ್ತೇನೆ. ಅರ್ಧ ಕೆಜಿ ಸುಲಿದ ಸಿಗಡಿಗೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡ, ಕೈಯಲ್ಲಿ ಕಲಸಿ ಹದಿನೈದು ನಿಮಿಷ ತಣ್ಣಗೆ ಇಡಿ. ತೊಳೆದು ಹುರಿದ್ರೆ ಕಚ್ಚಿದಾಗ ಕಟುಂ ಅಂತದೆ. ಆದ್ರೆ ಪ್ಯಾಕೆಟ್ ಸಿಗಡಿಯ ಕವರ್ ಹಿಂದೆ ಉಪ್ಪು ಅಂತ ಬರೆದಿದ್ರೆ ಈ ಉಸಾಬರಿ ಬೇಡ, ಅವರೇ ಮಾಡಿ ಕಳಿಸಿರ್ತಾರೆ.

ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋದಿಲ್ಲ. ನಾಡದೋಣಿಯವರು ಹಿಡಿದಷ್ಟೇ. ಶಿರಾಡಿ ಹತ್ತಿ ಬಂದದ್ದೆಲ್ಲ ಇವತ್ತಿನದ್ದು ಅಂತ ನಂಬಬೇಡಿ. ಕಿವಿರು ತೆರೆದು ನೋಡಿ, ಬೆರಳಲ್ಲಿ ಒತ್ತಿ ನೋಡಿ. ಬಂಗುಡೆ ಸರಿಯಾಗಿ ಐಸಿನಲ್ಲಿ ಇರದಿದ್ರೆ ಅದರಲ್ಲಿ ಹಿಸ್ಟಮಿನ್ ಆಗ್ತದೆ. ತಿಂದ ಸ್ವಲ್ಪ ಹೊತ್ತಲ್ಲೇ ಮುಖ ಕೆಂಪಾಗಿ ಮೈ ತುರಿಸ್ತದೆ. ಉಪ್ಪುನೀರು, ಹುಳಿ, ಮೆಣಸು, ಎಷ್ಟು ಬೇಯಿಸಿದ್ರೂ ಅದು ಹೋಗೋದಿಲ್ಲ. ಸಂಶಯ ಬಂದ ಮೀನನ್ನು ಮಸಾಲೆ ಹಾಕಿ ಸರಿ ಮಾಡೋಕೆ ಹೋಗಬೇಡಿ.

ಹೇಮಾವತಿ ದಂಡೆ

ಅಕ್ಕ, ನಮಗೆ ಈಗ ಸಿಗೋದು ಗೊರೂರು ಹಿನ್ನೀರಿನ ಮೀನು. ಕಾಟ್ಲಾ, ರೋಹು, ಜಿಲೇಬಿ. ಕೆಲವು ಸಲ ಮಣ್ಣು ವಾಸನೆ ಹೊಡೆಯುತ್ತೆ. ಉಪ್ಪುನೀರು ಅದನ್ನ ತೆಗೆಯುತ್ತಾ?

ಸಕಲೇಶಪುರದ ಸೊಸೆ

ಉಪ್ಪೊಂದೇ ಸಾಲದು. ಕಲ್ಲುಪ್ಪು, ಅರಿಶಿನ, ಸ್ವಲ್ಪ ಹುಣಸೆಹುಳಿ ಹಾಕಿ ತಿಕ್ಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹೊಟ್ಟೆ ಒಳಗಿನ ಕಪ್ಪು ಪೊರೆ ಕೆರೆದು ತೆಗೀರಿ. ಅತ್ತೆ ಹೇಳಿಕೊಟ್ಟದ್ದು ಇದು, ನಮ್ಮ ತವರಿನಲ್ಲಿ ಕೆರೆ ಮೀನು ತರೋರೇ ಇರ್ಲಿಲ್ಲ.

ಲೆಕ್ಕದ ಮೇಷ್ಟ್ರು

ಅತ್ತೆಯವರ ಹುಳಿಗೆ ಕಾರಣವಿದೆ. ಆ ವಾಸನೆಯ ಮೂಲ ಜಿಯೋಸ್ಮಿನ್ ಎಂಬ ವಸ್ತು. ನೀರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಬಿಡುತ್ತವೆ, ಅದು ಮೀನಿನ ಕೊಬ್ಬಿಗೆ ಸೇರುತ್ತದೆ. ಹುಳಿ ಅದನ್ನು ಒಡೆಯುತ್ತದೆ. ಮೊದಲ ಮಳೆ ಬಿದ್ದಾಗ ಆಹಾ ಮಣ್ಣಿನ ಘಮ ಎಂದು ಮೂಗರಳಿಸುತ್ತೇವಲ್ಲ, ಅದೂ ಇದೇ ಜಿಯೋಸ್ಮಿನ್. ನೆಲದಿಂದ ಬಂದರೆ ಘಮ, ತಟ್ಟೆಯಿಂದ ಬಂದರೆ ನಾತ.

ಅರಕಲಗೂಡು ಹೈದ

ಮೇಷ್ಟ್ರು ಕ್ಲಾಸಲ್ಲೂ ಹಿಂಗೇ ಹೇಳಿದ್ರೆ ನಾನು ಪಿಯುಸಿ ಎರಡನೇ ಸಲ ಕಟ್ಟೋ ಪರಿಸ್ಥಿತಿ ಬರ್ತಿರಲಿಲ್ಲ. ಒಂದು ಡೌಟು: ಮೊನ್ನೆ ಸೂಜಿಮೆಣಸು ಜಜ್ಜಿ ಹಂದಿ ಫ್ರೈ ಮಾಡಿದ್ವಿ. ಸೋಪಲ್ಲಿ ಕೈ ತೊಳೆದು ತೊಳೆದು ಸಾಕಾಯ್ತು, ರಾತ್ರಿ ಕಣ್ಣು ಉಜ್ಜಿಕೊಂಡು ಊರೆಲ್ಲಾ ಕುಣಿದೆ. ಇದಕ್ಕೂ ನಿಮ್ಮ ಎಣ್ಣೆ ಲೆಕ್ಕನೇನಾ?

ಬಣಕಲ್ ಮಳೆ

ಅದೇ ಲೆಕ್ಕ ತಮ್ಮ. ಮೊದಲು ಕೊಬ್ಬರಿಎಣ್ಣೆ ಕೈಗೆಲ್ಲಾ ಚೆನ್ನಾಗಿ ಉಜ್ಜಿ ಬಟ್ಟೇಲಿ ಒರೆಸ್ಕೊ, ಆಮೇಲೆ ಸೋಪು. ಇಲ್ಲಾಂದ್ರೆ ಕವರ್ ಕಟ್ಕೊಂಡು ಜಜ್ಜು.

ಹಂದಿಗೆ ಉಪ್ಪುನೀರಿನ ಅವಶ್ಯಕತೆ ಕಮ್ಮಿ. ಕೊಬ್ಬಿರೋ ಮಾಂಸ, ತನ್ನ ಎಣ್ಣೇಲೇ ಬೇಯುತ್ತೆ. ಮೆಣಸು, ಜೀರಿಗೆ, ಧನಿಯ, ಸಾಸಿವೆ ಕಪ್ಪಗಾಗೋ ತನಕ ಹುರಿದು ಪುಡಿ ಮಾಡಿ ಹಾಕಿ, ಇಳಿಸೋ ಮುಂಚೆ ಉಪ್ಪಾಗೆ ಹುಳಿ. ಕೊಬ್ಬಿಲ್ಲದ ತೊಡೆ ಭಾಗ ಸುಡೋದಿದ್ರೆ ಮಾತ್ರ ರಾತ್ರಿ ಉಪ್ಪು ಹಚ್ಚಿಡು.

ಹೇಮಾವತಿ ದಂಡೆ

ವರದಿ ಒಪ್ಪಿಸ್ತಿದ್ದೀನಿ. ಈ ಭಾನುವಾರ ಒಂದೇ ಕೆಜಿ ತಂದೆ, ಧೈರ್ಯ ಸಾಲಲಿಲ್ಲ. ಒಂದು ಲೀಟರ್ ನೀರು, 30 ಗ್ರಾಂ ಉಪ್ಪು. ಪಕ್ಕದ ಮನೆಯವರ ಹತ್ರ ಕೇಕ್ ಮಾಡೋ ತೂಕದ ಮಷೀನು ಇತ್ತು, ಕಡ ತಂದು ತೂಗಿದೆ. ಮೊಟ್ಟೆನ ಮುಟ್ಟಲೇ ಇಲ್ಲ. ರಾತ್ರಿ ಫ್ರಿಜ್ಜಲ್ಲಿ, ಪುಣ್ಯಕ್ಕೆ ಕರೆಂಟ್ ಇತ್ತು. ಬೆಳಗ್ಗೆ ತೆಗೆದು ಒರೆಸಿದೆ. ಕೈಗೆ ಸಿಕ್ಕ ಟವೆಲ್ ನಮ್ಮನೆಯವಳ ತವರಿನಿಂದ ಬಂದಿದ್ದಂತೆ, ಆ ವಿಷಯ ಇಲ್ಲಿ ಬೇಡ.

ಮಸಾಲೆಗೆ ಉಪ್ಪು ಹಾಕಲೇ ಇಲ್ಲ, ಈರುಳ್ಳಿಗೆ ಒಂದು ಚಿಟಿಕೆ ಅಷ್ಟೇ. ಮೆಣಸು ಬಳ್ಳಿ ಅಣ್ಣ ಹೇಳಿದ ಹಾಗೆ ಎರಡು ಕಂತು. ಎದೆ ಪೀಸು ಕೈಯಲ್ಲಿ ಹಿಂಡಿದ್ರೆ ರಸ ಬಂತು. ಸುಳ್ಳಲ್ಲ. ಬಿಸಿ ಅಕ್ಕಿರೊಟ್ಟಿ ಜೊತೆ ಒಂದು ಕೆಜಿ ಇಪ್ಪತ್ತು ನಿಮಿಷದಲ್ಲಿ ಖಾಲಿ. ಒಂದೇ ಕೊರತೆ, ಮೊದಲ ಕಂತಿನ ಮೆಣಸು ಸ್ವಲ್ಪ ಸೀದು ಕಹಿ ಆಯ್ತು. ಉರಿ ಜಾಸ್ತಿ ಇತ್ತು ಅನ್ಸುತ್ತೆ.

ಆಲ್ದೂರು ಬಳ್ಳಿ

ಉರಿ ಅಲ್ಲ, ನೀವು ಮೆಣಸು ಹಾಕಿ ಆಮೇಲೆ ಈರುಳ್ಳಿ ಹಾಕಿರ್ತೀರಿ. ಈರುಳ್ಳಿ ಬಾಡಿ ನೀರು ಬಿಟ್ಟ ಮೇಲೆ ಮೆಣಸು.

ಹೇಮಾವತಿ ದಂಡೆ

ಹೌದು, ಅದೇ ಮಾಡಿದ್ದು. ನೋಡಿದ ಹಾಗೇ ಹೇಳ್ತೀರಲ್ಲ.

ಬೇಲೂರು ತೊಟ್ಟಿಮನೆ

ನಾನೂ ಮಾಡಿದೆ, ನೀರಿಲ್ಲದ ಹಳೇ ಪದ್ಧತೀಲೇ, ಉಪ್ಪು ತೂಗಿ ಹಚ್ಚಿ. ಚೆನ್ನಾಗಿತ್ತು. ಒಂದು ಪ್ರಶ್ನೆ ಉಳಿಯಿತು: ಮೊಟ್ಟೆ ತೇಲೋ ಉಪ್ಪುನೀರಲ್ಲಿ ಹಸಿ ಮೆಣಸಿನ ಗೊನೆ ಹಾಕಿಡ್ತಾರಲ್ಲ, ಅದನ್ನ ಮೀನಿಗೆ ಬಳಸಬಹುದಾ?

ಆಲ್ದೂರು ಬಳ್ಳಿ

ಧಾರಾಳವಾಗಿ. ಅಲ್ಲಿಗೆ ಅಜ್ಜಿ ಮೊಟ್ಟೆನೇ ಸರಿ. ಎಳೇ ಗೊನೆ, ಗಟ್ಟಿ ಉಪ್ಪುನೀರು, ಕಂಚಿಹುಳಿ ರಸ, ಪಿಂಗಾಣಿ ಭರಣಿ. ಕಾಟ್ಲಾ ತುಂಡು ಕಾವಲಿ ಮೇಲೆ ಮುಕ್ಕಾಲು ಬೆಂದಾಗ ಎರಡು ಗೊನೆ ಜಜ್ಜಿ ಮೇಲೆ ಹಾಕಿ, ಮೀನಿಗೆ ಬೇರೆ ಉಪ್ಪು ಬೇಡ. ನಮ್ಮ ಭರಣಿ ತಳ ಕಾಣ್ತಿದೆ. ಹೊಸ ಗೊನೆ ಎಳೆಯದಾಗಿ ಸಿಗೋದು ದೀಪಾವಳಿ ಸುಮಾರಿಗೆ. ಬೇಕಾದವರು ಆವಾಗ ಹೇಳಿ, ಭರಣಿ ನಿಮ್ಮದು, ಮೆಣಸು ನಮ್ಮದು.

ಅರಕಲಗೂಡು ಹೈದ

ಮೊಟ್ಟೆ ಯಾರದು?